ಕೊಡಗಿನ ಒರಟು ದಾರಿಗೆ ಹಳೆಯ ಮಡಚುವ ಕ್ಯಾಂಪರ್: ಕೊಳ್ಳಬಹುದೇ, ಕೊಂಡರೆ ಏನೇನು ಬದಲಿಸಬೇಕು?

ಗಾಳಿಬೀಡು ಜೀಪು:

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಮಡಿಕೇರಿಯಿಂದಾಚೆ ಗಾಳಿಬೀಡಿನ ಕಡೆಗಿದ್ದು, ತೋಟದ ಕೆಲಸಕ್ಕೂ ಸಂತೆಗೂ ಹಳೆಯದೊಂದು ಡೀಸೆಲ್ ಜೀಪನ್ನೇ ನೆಚ್ಚಿಕೊಂಡಿದ್ದೇವೆ. ಕೊಯ್ಲು ಮುಗಿದು ಕಾಫಿ ಕಣ ಖಾಲಿಯಾದ ಮೇಲೆ, ಮುಂಗಾರು ಹಿಡಿಯುವವರೆಗಿನ ಬಿಡುವಿನಲ್ಲಿ, ನಾನು, ನನ್ನ ಹೆಂಡತಿ ಮತ್ತು ಹತ್ತು ವರ್ಷದ ಮಗಳು ನೆಂಟರ ತೋಟಗಳಲ್ಲೋ ಪರಿಚಯದವರ ಹೋಂಸ್ಟೇ ಅಂಗಳದಲ್ಲೋ ಗುಡಾರ ಹಾಕಿ ಎರಡು ಮೂರು ರಾತ್ರಿ ಕಳೆಯುವುದು ವಾಡಿಕೆ. ಮಗಳು ಬೆಳೆಯುತ್ತಿದ್ದಾಳೆ, ನನ್ನ ಸೊಂಟ ಸವೆಯುತ್ತಿದೆ. ಆದ್ದರಿಂದ ನೆಲ ಬಿಟ್ಟು ಮೇಲೆ ಮಲಗುವ ಏರ್ಪಾಡೊಂದನ್ನು ಹುಡುಕುತ್ತಿದ್ದೆ.

ಈಗ ಕೊಯಮತ್ತೂರಿನಲ್ಲಿ ಒಂದು ಮಡಚುವ ಕ್ಯಾಂಪರ್, ಅಂದರೆ ಜೀಪಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಬಹುದಾದ ಗಾಡಿ, ಮಾರಾಟಕ್ಕಿದೆ. ಅಮೆರಿಕದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಮಾದರಿಯನ್ನು ನೋಡಿ ಅಲ್ಲಿನ ಸಣ್ಣ ವರ್ಕ್‌ಶಾಪೊಂದರಲ್ಲಿ ಕಟ್ಟಿದ್ದಂತೆ. ಓಡಾಡುವಾಗ ಅದು ಎದೆಮಟ್ಟದ ಒಂದು ಪೆಟ್ಟಿಗೆ. ನಿಲ್ಲಿಸಿದ ಮೇಲೆ ಕೈಯಿಂದ ತಿರುಗಿಸುವ ವಿಂಚಿನಿಂದ ಚಾವಣಿ ನಾಲ್ಕು ಕಂಬಗಳ ಮೇಲೆ ಏಳುತ್ತದೆ, ಮುಂದೊಂದು ಹಿಂದೊಂದು ಮಂಚ ಹೊರಕ್ಕೆ ಜಾರುತ್ತದೆ, ಸುತ್ತಲೂ ಕ್ಯಾನ್ವಾಸ್ ಗೋಡೆ ನಿಲ್ಲುತ್ತದೆ. ಖಾಲಿ ತೂಕ 480 ಕೆ.ಜಿ. ಎಂದು ಮಾರುವವರು ಹೇಳುತ್ತಾರೆ. ಒಂದೇ ಅಚ್ಚು, ಲೀಫ್ ಸ್ಪ್ರಿಂಗ್, 12 ಅಂಗುಲದ ಪುಟ್ಟ ಚಕ್ರಗಳು. ಬ್ರೇಕ್ ಇಲ್ಲವೇ ಇಲ್ಲ. ಸ್ಪ್ರಿಂಗನ್ನು ಅಚ್ಚಿಗೆ ಬಿಗಿಯುವ, ಅಚ್ಚಿನ ಕೆಳಗಿರುವ ಯು-ಬೋಲ್ಟಿನ ತಗಡಿನಿಂದ ನೆಲಕ್ಕೆ 7 ಅಂಗುಲವೂ ಇಲ್ಲವೆಂದು ಚಿತ್ರದಿಂದಲೇ ತಿಳಿಯುತ್ತದೆ. ನಮ್ಮ ಗೇಟಿನಿಂದ ಮನೆಗೆ ಬರುವ ದಾರಿಯಲ್ಲಿಯೇ ಅದು ನಾಲ್ಕು ಕಡೆ ತಗಲುತ್ತದೆ. ಕೇಳುತ್ತಿರುವ ಬೆಲೆ 1,40,000 ರೂಪಾಯಿ. ಕೊಳ್ಳುವ ಮುನ್ನ ಏನು ನೋಡಬೇಕು, ಕೊಂಡ ಮೇಲೆ ಎಷ್ಟು ಎತ್ತರಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಲೇತ್‌ಮನೆ, ಕುಶಾಲನಗರ:

ಸರ್, ಎತ್ತರದ ಮಾತು ಆಮೇಲೆ. ಮೊದಲು ಚಾಪೆಯೊಂದನ್ನು ತೆಗೆದುಕೊಂಡು ಹೋಗಿ, ಹಗಲು ಬೆಳಕಿನಲ್ಲಿ ಅದರ ಕೆಳಗೆ ಮಲಗಿ ನೋಡಿ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡಬೇಡಿ. ಯಾಕೆ ಬಳಿದರು ಎಂದು ಕೇಳಿ. ಚಾಸಿಯ ಪೆಟ್ಟಿಗೆ ಕಬ್ಬಿಣ ಹೊರಗಿನಿಂದಲ್ಲ, ಒಳಗೆ ನಿಂತ ನೀರಿನಿಂದ ಕೊಳೆಯುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋದರೆ ಗಟ್ಟಿ ಕಬ್ಬಿಣ ಗಂಟೆಯಂತೆ ದನಿಗೊಡುತ್ತದೆ, ಕೊಳೆತದ್ದು ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ಎಳೆಯುವ ತೊಲೆ ಚಾಸಿಗೆ ಸೇರುವಲ್ಲಿ ಮತ್ತು ಸ್ಪ್ರಿಂಗಿನ ಹ್ಯಾಂಗರುಗಳ ಬುಡದಲ್ಲಿ ಬಿರುಕಿದೆಯೇ ಎಂದು ಟಾರ್ಚ್ ಹಾಕಿ ನೋಡಿ, ಏಕೆಂದರೆ ಒರಟು ದಾರಿಯ ಹೊಡೆತವೆಲ್ಲ ಬಂದು ನಿಲ್ಲುವುದು ಆ ಜಾಗಗಳಲ್ಲಿ.

ಎರಡನೆಯದು ಪ್ಲೈವುಡ್ ನೆಲ. ಮೂಲೆಗಳಲ್ಲಿ, ಬಾಗಿಲ ಹೊಸ್ತಿಲಲ್ಲಿ, ಚಕ್ರದ ಮೇಲ್ಭಾಗದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಿದರೆ ಕೊಳೆತ ಮರ ಗೊತ್ತಾಗಿಬಿಡುತ್ತದೆ. ಚಾವಣಿಯನ್ನು ಮಾರುವವರು ಏರಿಸಿ ತೋರಿಸುವುದಲ್ಲ, ನೀವೇ ಎರಡು ಸಲ ಏರಿಸಿ ಇಳಿಸಿ. ನಾಲ್ಕು ಕಂಬಗಳು ಒಟ್ಟಿಗೆ ಏಳದಿದ್ದರೆ ಕೇಬಲ್ ಹಿಗ್ಗಿದೆ ಎಂದರ್ಥ; ಕೇಬಲಿನ ಒಂದೆರಡು ಎಳೆ ಬಿಚ್ಚಿಕೊಂಡಿದ್ದರೂ ಅದನ್ನು ಬದಲಿಸಲೇಬೇಕು. ಆಮೇಲೆ ಅರ್ಧ ಗಂಟೆ ಪೈಪಿನಿಂದ ನೀರು ಬಿಡಿಸಿ ಒಳಗೆ ಕುಳಿತುಕೊಳ್ಳಿ. ಅದಕ್ಕೆ ಒಪ್ಪದ ಮಾರಾಟಗಾರರ ಕ್ಯಾಂಪರ್ ಸೋರುತ್ತದೆ ಎಂದೇ ಎಣಿಸಿರಿ.

ಟೈರಿನ ಹಲ್ಲು ನೋಡಿ ಮೋಸಹೋಗಬೇಡಿ. ಇಂಥ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ್ದರಿಂದ ಹಲ್ಲು ಉಳಿದಿರುತ್ತದೆ, ರಬ್ಬರ್ ಸತ್ತಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತೊಂದಿರುತ್ತದೆ. 2316 ಎಂದಿದ್ದರೆ 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದು ಓದಿಕೊಳ್ಳಬೇಕು.

ಕಡತದ ಹುಳು, ಮೈಸೂರು:

ಲೇತ್‌ಮನೆಯವರು ಕಬ್ಬಿಣ ಹೇಳಿದರು, ನಾನು ಕಾಗದ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು. ಎಳೆಯುವ ಜೀಪಿನ ಆರ್.ಸಿ. ಅದಕ್ಕೆ ಅನ್ವಯಿಸುವುದಿಲ್ಲ. ಕೈಯಿಂದ ಕಟ್ಟಿದ ಕ್ಯಾಂಪರುಗಳಲ್ಲಿ ಎಷ್ಟೋ ಗಾಡಿಗಳು ನೋಂದಣಿಯಿಲ್ಲದೆಯೇ ಓಡಾಡುತ್ತಿರುತ್ತವೆ. ಹಾಗಿದ್ದರೆ ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ. ಚಾಸಿಯ ಮೇಲೆ ಕೆತ್ತಿರುವ ಸಂಖ್ಯೆಯೂ ಆರ್.ಸಿ.ಯಲ್ಲಿರುವುದೂ ಒಂದೇ ಆಗಿರಬೇಕು, ಅದನ್ನು ಮಣ್ಣೊರೆಸಿ ಸ್ವತಃ ಓದಿ.

ತಮಿಳುನಾಡಿನ ನೋಂದಣಿಯಿದ್ದರೆ ಅಲ್ಲಿನ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆದು, ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಮಾರುವವರ ಸಹಿ ಹಾಕಿಸಿಕೊಂಡೇ ಬನ್ನಿ. ಗಾಡಿ ಎಳೆದುಕೊಂಡು ಬಂದ ಮೇಲೆ ಸಹಿಗಾಗಿ ಮತ್ತೆ ಕೊಯಮತ್ತೂರಿಗೆ ಹೋಗಿ ಬರುವುದು ಯಾರಿಗೂ ಬೇಡ. ಹೊರರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕಾಗುತ್ತದೆ, ನಿಮಗಾದರೆ ಮಡಿಕೇರಿ ಕಚೇರಿಯ ಕೆಎ-12 ಬರುತ್ತದೆ. ಇನ್ನೊಂದು ಮಾತು: ಅದೇ ಕಾಯ್ದೆಯ 52ನೇ ಕಲಂ, ನೋಂದಣಿಯಲ್ಲಿ ನಮೂದಾದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಆದ್ದರಿಂದ ಅಚ್ಚು, ಚಕ್ರ, ಅಗಲ ಯಾವುದನ್ನು ಬದಲಿಸುವುದಿದ್ದರೂ ವೆಲ್ಡಿಂಗಿಗೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಬರೆದುಕೊಟ್ಟು, ಉತ್ತರವನ್ನೂ ಬರವಣಿಗೆಯಲ್ಲಿ ಪಡೆಯಿರಿ. ವಿಮಾ ಕಂಪನಿಗೂ ಟ್ರೈಲರಿನ ವಿಷಯ ತಿಳಿಸಿರಬೇಕು.

ಬೇತ್ರಿ ಸೇತುವೆ:

ಕ್ಷಮಿಸಿ, ಒಂದು ಅನುಮಾನ. ವಾಹನದ ಚಾವಣಿಯ ಮೇಲೆ ಕಟ್ಟುವ ಗುಡಾರಗಳು ಈಗ ಬೇಕಾದಷ್ಟು ಸಿಗುತ್ತಿರುವಾಗ, ನಮ್ಮ ದಾರಿಗಳಲ್ಲಿ ಬಾಲ ಕಟ್ಟಿಕೊಂಡು ಓಡಾಡುವುದೇಕೆ? ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ತಿರುವುಗಳಲ್ಲಿ ಬರೀ ಜೀಪು ತಿರುಗಿಸುವುದೇ ಸಾಕಾಗಿರುತ್ತದೆ.

ಗಾಳಿಬೀಡು ಜೀಪು:

ನ್ಯಾಯವಾದ ಪ್ರಶ್ನೆ. ನಮ್ಮ ಜೀಪಿನ ಮೇಲಿರುವುದು ಬಟ್ಟೆಯ ಹುಡ್. ಅದರ ಮೇಲೆ ಮೂವರು ಮಲಗಲಾಗುವುದಿಲ್ಲ. ಅಲ್ಲದೆ ಒಂದು ಕಡೆ ನೆಲೆಯೂರಿದ ಮೇಲೆ ಹಾಲು ತರಲು ಹೋಗುವಾಗಲೂ ಮನೆಯನ್ನು ಮಡಚಿ ತಲೆಯ ಮೇಲೆ ಹೊತ್ತುಕೊಂಡು ಹೋಗುವ ಕರ್ಮ ಬೇಡವೆನಿಸಿತು.

ಕೊಯಮತ್ತೂರಿಗೆ ಹೋಗಿ ನೋಡಿಬಂದೆ. ಲೇತ್‌ಮನೆಯವರು ಹೇಳಿದ ಕಪ್ಪು ಬಣ್ಣ ನಿಜವಾಗಿಯೂ ಇತ್ತು, ಅದರ ವಾಸನೆಯೂ ಇನ್ನೂ ಆರಿರಲಿಲ್ಲ. ಸುತ್ತಿಗೆ ತಟ್ಟಿದಾಗ ಚಾಸಿಯ ಹಿಂದಿನ ಅಡ್ಡಪಟ್ಟಿ ಮಡಕೆಯ ಸದ್ದು ಮಾಡಿತು, ಉಳಿದದ್ದು ಗಟ್ಟಿಯಾಗಿದೆ. ಬಾಗಿಲ ಬಳಿ ಎರಡು ಚದರಡಿಯಷ್ಟು ನೆಲ ಕೊಳೆತಿದೆ. ಕ್ಯಾನ್ವಾಸನ್ನು ಒದ್ದೆಯಾಗಿದ್ದಾಗಲೇ ಮಡಚಿಟ್ಟಿದ್ದರಿಂದ ಮಡಿಕೆಗಳಲ್ಲೆಲ್ಲ ಬೂಷ್ಟಿನ ಕಪ್ಪು ಚುಕ್ಕೆ ಹತ್ತಿದೆ. ಟೈರುಗಳ ಗುರುತು ನೋಡಿ ಅವರೇ ನಾಚಿಕೊಂಡರು. ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟಾಗ ಬೆಲೆ 95,000ಕ್ಕೆ ಇಳಿಯಿತು. ಕಾಗದಗಳು ಸರಿಯಾಗಿದ್ದವು, ಕೊಂಡೆ. ಈಗ ಎತ್ತರದ ವಿಷಯಕ್ಕೆ ಬರೋಣ.

ಮಾಂದಲಪಟ್ಟಿ ಸ್ಟೇರಿಂಗು:

ಅಣ್ಣ, ನಾನು ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವವನು, ಕಲ್ಲಿನ ದಾರಿ ನನಗೆ ದಿನನಿತ್ಯದ ಊಟ. ಸ್ಪ್ರಿಂಗನ್ನು ಅಚ್ಚಿನ ಕೆಳಗಿನಿಂದ ಮೇಲಕ್ಕೆ ತನ್ನಿ. ಅಚ್ಚಿನ ಕೊಳವೆಯ ದಪ್ಪ ಮತ್ತು ಸ್ಪ್ರಿಂಗಿನ ದಪ್ಪ ಕೂಡಿ ಸುಲಭವಾಗಿ 4 ಅಂಗುಲ ಸಿಗುತ್ತದೆ. ಜೊತೆಗೆ ಜೀಪಿನ ಚಕ್ರವನ್ನೇ ಹಾಕಿ, ಇನ್ನೊಂದು 4 ಅಂಗುಲ. ಒಟ್ಟು 8 ಅಂಗುಲ ಮೇಲೆದ್ದರೆ ಯಾವ ಕಲ್ಲೂ ಏನೂ ಮಾಡುವುದಿಲ್ಲ.

ಲೇತ್‌ಮನೆ, ಕುಶಾಲನಗರ:

ಕಲ್ಲು ಏನೂ ಮಾಡುವುದಿಲ್ಲ, ಇಳಿಜಾರು ಮಾಡುತ್ತದೆ. ಜೀಪಿನ ಭಾರವೆಲ್ಲ ಎಂಜಿನ್ ಮತ್ತು ಗೇರ್‌ಬಾಕ್ಸಿನಲ್ಲಿ ಕೆಳಗಿರುತ್ತದೆ. ಕ್ಯಾಂಪರಿನಲ್ಲಿ ಚಾವಣಿ, ಮಂಚ, ಹಾಸಿಗೆ ಎಲ್ಲವೂ ಮೇಲ್ಗಡೆಯೇ. ಅದನ್ನು 8 ಅಂಗುಲ ಎತ್ತಿ ಓರೆ ದಾರಿಯಲ್ಲಿ ಎಳೆಯುವುದೆಂದರೆ ತಲೆಯ ಮೇಲೆ ಚೀಲ ಹೊತ್ತು ಗದ್ದೆಯ ಬದುವಿನ ಮೇಲೆ ಓಡಿದಂತೆ. ನನ್ನ ಸಲಹೆ ಹೀಗಿದೆ. ಜೀಪಿನ ಎರಡು ಚಕ್ರಗಳ ನಡುವಿನ ಅಂತರವೆಷ್ಟೋ ಅಷ್ಟೇ ಅಂತರದ ಹೊಸ ಅಚ್ಚು ಮಾಡಿಸಿ, ಜೀಪಿನ ಹಬ್ (ಚಕ್ರ ಕೂರುವ ನಡುಭಾಗ) ಮತ್ತು ಡ್ರಮ್ ಕೂಡಿಸಿ, ಜೀಪಿನದೇ ಚಕ್ರ ಹಾಕಿ. ಸ್ಪ್ರಿಂಗು ಅಚ್ಚಿನ ಕೆಳಗೆಯೇ ಇರಲಿ. ಆಗ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ, ಬೇರಿಂಗು ಯಾವ ಊರಿನಲ್ಲಾದರೂ ಸಿಗುತ್ತದೆ. ಇನ್ನೂ ಮುಖ್ಯವಾದ ಲಾಭವೆಂದರೆ, ನಮ್ಮ ತೋಟದ ದಾರಿಗಳಲ್ಲಿ ಎರಡು ಗಾಲಿಜಾಡು ಮತ್ತು ನಡುವೆ ಹುಲ್ಲಿನ ದಿಬ್ಬ ಇರುತ್ತದಲ್ಲ, ಅಲ್ಲಿ ಕ್ಯಾಂಪರಿನ ಚಕ್ರಗಳು ಜೀಪಿನ ಜಾಡಿನಲ್ಲೇ ಬರುತ್ತವೆ. ಜಾಡು ಕಿರಿದಾಗಿದ್ದರೆ ಒಂದು ಚಕ್ರ ದಿಬ್ಬ ಹತ್ತಿ ಗಾಡಿ ದಾರಿಯುದ್ದಕ್ಕೂ ಓರೆಯಾಗಿಯೇ ಬರುತ್ತದೆ.

ರಬ್ಬರ್ ತುಂಬಿದ ಟಾರ್ಷನ್ ಅಚ್ಚು ಹಾಕಿಸಿ ಎಂದು ಯಾರಾದರೂ ಹೇಳಬಹುದು. ಅದು ಮೆತ್ತಗೆ ಓಡುತ್ತದೆ ನಿಜ, ಆದರೆ ಕೆಟ್ಟರೆ ಇಡೀ ಅಚ್ಚನ್ನೇ ಬದಲಿಸಬೇಕು. ಲೀಫ್ ಸ್ಪ್ರಿಂಗಿನ ಒಂದು ಎಲೆ ಮುರಿದರೆ ಸೋಮವಾರಪೇಟೆಯಲ್ಲೂ ಸಿಗುತ್ತದೆ, ಸಿಗುವ ತನಕ ಮರದ ತುಂಡು ಕಟ್ಟಿಕೊಂಡಾದರೂ ಮನೆ ಸೇರಬಹುದು.

ಗಾಳಿಬೀಡು ಜೀಪು:

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ಒಪ್ಪಿಕೊಳ್ಳಬೇಕಾದ ತಪ್ಪೊಂದಿದೆ. ಕಚೇರಿಯ ಕೆಲಸ ಮುಗಿಸಿಕೊಂಡು ಹೊಸ ಅಚ್ಚು ಮಾಡಿಸಿದೆ. ಹೇಗೂ ಬಿಚ್ಚಿದ್ದಾಗಿದೆಯಲ್ಲ ಎಂದು ಗ್ಯಾರೇಜಿನವರು ಹುರಿದುಂಬಿಸಿದ್ದರಿಂದ ಸ್ಪ್ರಿಂಗನ್ನೂ ಮೇಲೆ ಕೂರಿಸಿದೆ. ನೋಡಲು ಬಹಳ ಗಂಭೀರವಾಗಿತ್ತು. ಮೊದಲನೆಯ ತೊಂದರೆ, ಕ್ಯಾಂಪರಿನ ಮೂತಿ ಜೀಪಿನ ಕೊಕ್ಕೆಗಿಂತ ಮೇಲಾಗಿ, ಜೋಡಿಸಿದಾಗ ಗಾಡಿ ಮುಂದಕ್ಕೆ ಬಾಗಿ ನಿಂತಿತು. ಎರಡನೆಯದು, ಮಗಳಿಗೆ ಮಂಚ ಹತ್ತಲು ಏಣಿ ಬೇಕಾಯಿತು. ಮೂರನೆಯದನ್ನು ಬರೆಯುವಾಗ ಈಗಲೂ ಅಂಗೈ ಬೆವರುತ್ತದೆ.

ನಮ್ಮದೇ ಬಾಣೆಯ (ಗುಡ್ಡದ ಜಾಗದ) ಮೇಲಿನ ದಾರಿ, ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಬಲಗಡೆ ಮಣ್ಣಿನ ಕಡಿದಾದ ಬರೆ, ಎಡಗಡೆ ಇಳಿಜಾರು. ಬಲಚಕ್ರ ಒಂದು ಕಲ್ಲನ್ನು ಹತ್ತಿದ್ದೂ ಎಡಚಕ್ರ ಕೆಸರಿನ ಗುಂಡಿಗೆ ಇಳಿದದ್ದೂ ಒಂದೇ ಕ್ಷಣದಲ್ಲಿ ನಡೆದು, ಕಲ್ಲಿನಿಂದ ಇಳಿಯಬೇಕಾಗಿದ್ದ ಬಲಚಕ್ರ ಇಳಿಯಲೇ ಇಲ್ಲ, ಗಾಳಿಯಲ್ಲಿ ನಿಂತಿತು. ಹೆಂಡತಿಯೂ ಮಗಳೂ ಮೊದಲೇ ಇಳಿದು ನಡೆಯುತ್ತಿದ್ದದ್ದು ಪುಣ್ಯ. ಚಾಸಿಗೆ ಹಗ್ಗ ಬಿಗಿದು, ಮೇಲಿನ ಬರೆಯ ಮೇಲಿದ್ದ ಸಿಲ್ವರ್ ಓಕ್ ಮರಕ್ಕೆ ಕಟ್ಟಿ, ತೋಟದ ಇಬ್ಬರು ಆಳುಗಳು ಎಳೆದು ಹಿಡಿದಿರುವಾಗ ಅಂಗುಲ ಅಂಗುಲವಾಗಿ ಮುಂದೆ ತಂದೆ. ಮರುದಿನವೇ ಕುಶಾಲನಗರಕ್ಕೆ ಹೋಗಿ ಸ್ಪ್ರಿಂಗನ್ನು ಮತ್ತೆ ಅಚ್ಚಿನ ಕೆಳಗೆ ಹಾಕಿಸಿದೆ. ಈಗ ಯು-ಬೋಲ್ಟಿನ ತಗಡಿನಿಂದ ನೆಲಕ್ಕೆ 11 ಅಂಗುಲವಿದೆ. ಕೆಳಗೆ ಜೋತಾಡುತ್ತಿದ್ದ ಜ್ಯಾಕುಗಳನ್ನೂ ನೀರಿನ ಪೈಪನ್ನೂ ಚಾಸಿಯ ಒಳಕ್ಕೆ ಎತ್ತಿ ಕಟ್ಟಿದ ಮೇಲೆ ಇಲ್ಲಿಯವರೆಗೆ ಏನೂ ತಗಲಿಲ್ಲ.

ಮಾಂದಲಪಟ್ಟಿ ಸ್ಟೇರಿಂಗು:

ಅಣ್ಣ, ತಪ್ಪಾಯಿತು. ನಾನು ಓಡಿಸುವುದು ಜೀಪು ಮಾತ್ರ, ಹಿಂದೆ ಏನನ್ನೂ ಎಳೆದವನಲ್ಲ. ಒಂದು ಪ್ರಾಯಶ್ಚಿತ್ತದ ಸಲಹೆ ಕೊಡುತ್ತೇನೆ: ಕಲ್ಲಿನ ದಾರಿ ಬಂದಾಗ ಕ್ಯಾಂಪರಿನ ಟೈರಿನ ಗಾಳಿಯನ್ನು ಜೀಪಿನದಕ್ಕಿಂತಲೂ ಕಡಿಮೆ ಮಾಡಿ. ಜೀಪಿನ ಭಾರಕ್ಕೆ ತಕ್ಕ ಟೈರಿನ ಮೇಲೆ ಅಷ್ಟು ಹಗುರವಾದ ಗಾಡಿ ಕೂತಾಗ ಅದು ಚೆಂಡಿನಂತೆ ಪುಟಿಯುತ್ತದೆ, ಒಳಗಿನ ಸ್ಕ್ರೂಗಳೆಲ್ಲ ಬಿಚ್ಚಿಕೊಳ್ಳುವುದು ಆ ಪುಟಿತದಿಂದಲೇ. ಟಾರು ರಸ್ತೆ ಸೇರಿದ ಮೇಲೆ ಮತ್ತೆ ಗಾಳಿ ತುಂಬಲು ಮರೆಯಬಾರದು.

ಕೊಯ್ನಾಡು ಘಾಟಿ:

ನಾನು ವರ್ಷಗಟ್ಟಲೆ ಮಡಿಕೇರಿ–ಸುಳ್ಯ ದಾರಿಯಲ್ಲಿ ಲಾರಿ ಓಡಿಸಿ ಈಗ ಮನೆಯಲ್ಲಿರುವವನು. ಯಾರೂ ಬ್ರೇಕಿನ ಮಾತು ಎತ್ತಲಿಲ್ಲವೆಂದು ಆಶ್ಚರ್ಯವಾಯಿತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆಯ ಕಡೆಗೆ ಇಳಿಯುವಾಗ ಆ ಎತ್ತರದ ಬಹುಭಾಗವನ್ನು ಬ್ರೇಕು ಮತ್ತು ಎಂಜಿನ್ ಸೇರಿಯೇ ನುಂಗಬೇಕು. ಹಿಂದೆ ಆರುನೂರು ಕೆ.ಜಿ. ತಳ್ಳುತ್ತಿರುವಾಗ ಹಳೆಯ ಜೀಪಿನ ಡ್ರಮ್ ಬ್ರೇಕನ್ನು ಮಾತ್ರ ನಂಬಬಾರದು. ನೀವು ಹೇಗೂ ಜೀಪಿನ ಡ್ರಮ್ ಕೂರಿಸಿದ್ದೀರಿ, ಆದ್ದರಿಂದ ಓವರ್‌ರನ್ ಕೊಕ್ಕೆ ಹಾಕಿಸುವುದು ಸುಲಭ. ಜೀಪು ನಿಧಾನವಾದಾಗ ಕ್ಯಾಂಪರು ಮುಂದಕ್ಕೆ ಒತ್ತುತ್ತದೆ, ಆ ಒತ್ತಡವೇ ಕೊಕ್ಕೆಯೊಳಗಿನ ಪುಟ್ಟ ಸಿಲಿಂಡರನ್ನು ಅದುಮಿ ಅದರದೇ ಚಕ್ರದ ಬ್ರೇಕನ್ನು ಹಿಡಿಸುತ್ತದೆ.

ಆದರೆ ಅದಕ್ಕೆ ಎರಡು ದೋಷಗಳಿವೆ. ಉದ್ದದ ಇಳಿಜಾರಿನಲ್ಲಿ ನೀವು ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯುತ್ತಿದ್ದರೂ ಕ್ಯಾಂಪರು ಒತ್ತುತ್ತಲೇ ಇರುವುದರಿಂದ ಅದರ ಬ್ರೇಕು ಬಿಡದೆ ಉಜ್ಜಿ ಕಾಯುತ್ತದೆ. ನಡುನಡುವೆ ನಿಲ್ಲಿಸಿ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಬೇಕು, ಮುಟ್ಟಬಾರದು. ಇನ್ನೊಂದು, ಏರಿನ ಕಡೆಗೆ ಹಿಮ್ಮುಖವಾಗಿ ತಳ್ಳುವಾಗಲೂ ಕೊಕ್ಕೆ ಅದುಮಿಕೊಂಡು ಚಕ್ರ ಕಚ್ಚಿಕೊಳ್ಳುತ್ತದೆ. ಅದಕ್ಕಾಗಿ ತಡೆಯುವ ಪಿನ್ನೊಂದು ಇರಲೇಬೇಕು, ಮುಂದಕ್ಕೆ ಹೊರಡುವ ಮುನ್ನ ಅದನ್ನು ತೆಗೆದಿದ್ದೀರೆಂದು ನೋಡಿಕೊಳ್ಳಲೇಬೇಕು. ವಿದ್ಯುತ್ ಬ್ರೇಕಿನಲ್ಲಿ ಈ ಎರಡೂ ತೊಂದರೆಗಳಿಲ್ಲ, ಚಾಲಕನೇ ಹಿಡಿತವನ್ನು ಹೊಂದಿಸಿಕೊಳ್ಳಬಹುದು. ಆದರೆ ಕೆಸರು ನೀರಿನಲ್ಲಿ ಅದರ ವೈರುಗಳನ್ನು ಕಾಪಾಡುವುದು ಬೇರೆಯದೇ ಕೆಲಸ. ಯಾವುದೇ ಇರಲಿ, ಮಳೆಗಾಲದಲ್ಲಿ ಆ ಘಾಟಿಗೆ ಕ್ಯಾಂಪರು ತರಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಆ ದಾರಿ ಏನಾಯಿತೆಂಬುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ನಾಪೋಕ್ಲು ಅಂಗಳ:

ಇಲ್ಲಿಯವರೆಗೆ ಬರೆದವರೆಲ್ಲ ಗಂಡಸರೆಂದು ಕಾಣುತ್ತದೆ, ಏಕೆಂದರೆ ಯಾರೂ ಬಟ್ಟೆ ಒಣಗಿಸುವ ಮಾತಾಡಲಿಲ್ಲ. ನಮ್ಮಲ್ಲಿ ಇಂಥದೇ ಕ್ಯಾಂಪರು ಐದು ವರ್ಷದಿಂದ ಇದೆ. ಕೊಡಗಿನಲ್ಲಿ ಅದನ್ನು ಕೊಲ್ಲುವುದು ಕಲ್ಲಲ್ಲ, ತೇವ. ಬೆಳಗಿನ ಮಂಜಿನಲ್ಲಿ ಹೊರಗಿನಿಂದಲೂ ಮೂವರ ಉಸಿರಿನಿಂದ ಒಳಗಿನಿಂದಲೂ ನೆನೆದ ಕ್ಯಾನ್ವಾಸನ್ನು ಮಡಚಿ ಮನೆಗೆ ತಂದು, ನಾಳೆ ಬಿಸಿಲು ಬಂದಾಗ ಬಿಚ್ಚೋಣ ಎಂದುಕೊಂಡರೆ ಆ ನಾಳೆ ಜೂನ್ ತಿಂಗಳಲ್ಲಿ ಬರುವುದೇ ಇಲ್ಲ. ಮೂರನೆಯ ದಿನಕ್ಕೆ ವಾಸನೆ, ವಾರದೊಳಗೆ ಚುಕ್ಕೆ.

ನಾವು ಮಾಡಿದ ಮಾರ್ಪಾಡುಗಳಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಇದು. ಕ್ಯಾನ್ವಾಸನ್ನು ಪೆಟ್ಟಿಗೆಗೆ ಮೊಳೆ ಹೊಡೆದಂತೆ ಬಿಗಿದಿದ್ದರು. ಅದನ್ನು ತೆಗೆಸಿ, ಚಾವಣಿಯ ಅಂಚಿಗೆ ಅಲ್ಯೂಮಿನಿಯಂ ಕಾಲುವೆ ಕೂರಿಸಿ, ಕ್ಯಾನ್ವಾಸಿನ ಮೇಲಂಚಿಗೆ ಹಗ್ಗ ಸೇರಿಸಿ ಹೊಲಿಸಿದೆವು. ಹಗ್ಗ ಕಾಲುವೆಯೊಳಗೆ ಜಾರಿ ಹೋಗುತ್ತದೆ. ಕೆಳಗಡೆಗೆ ಅಂಟುಪಟ್ಟಿ (ವೆಲ್ಕ್ರೋ). ಈಗ ಇಡೀ ಗೋಡೆಯನ್ನು ಇಪ್ಪತ್ತು ನಿಮಿಷದಲ್ಲಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಬರಬಹುದು. ಮಳೆಗಾಲದಲ್ಲಿ ಕಾಫಿ ಚೀಲಗಳು ಹೋಗಿ ಗೋಡೌನ್ ಖಾಲಿಯಿರುತ್ತದಲ್ಲ, ಅಲ್ಲಿ ಹಗ್ಗದ ಮೇಲೆ ಹರವಿ ಬಿಡುತ್ತೇವೆ. ಒಲೆಯ ಮೇಲಿನ ಅಟ್ಟದಲ್ಲಿ ಇಡಬಹುದಲ್ಲ ಎಂದು ನಮ್ಮತ್ತೆ ಹೇಳಿದರು. ಒಂದು ವರ್ಷ ಹಾಗೆ ಇಟ್ಟದ್ದಕ್ಕೆ ಈಗಲೂ ಅದರೊಳಗೆ ಮಲಗಿದರೆ ಒಣಮೀನಿನ ಜೊತೆ ಮಲಗಿದಂತಿರುತ್ತದೆ.

ನಿಮ್ಮ ಕ್ಯಾನ್ವಾಸಿನ ಚುಕ್ಕೆಗೆ ಬ್ಲೀಚಿಂಗ್ ಪುಡಿ ಹಾಕಬೇಡಿ, ಅದು ನೂಲನ್ನೂ ಮೇಲಿನ ಲೇಪವನ್ನೂ ತಿನ್ನುತ್ತದೆ. ನೀರು ಬೆರೆಸಿದ ವಿನೆಗರಿನಿಂದ ಮೃದುವಾದ ಬ್ರಷ್ಷಿನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆ ನೀರು ತಡೆಯುವ ಲೇಪ ಹಚ್ಚಿ. ಹೊಸದೇ ಹೊಲಿಸುವುದಾದರೆ ಜೀಪಿನ ಹುಡ್ ಹೊಲಿಯುವವರು ಚೆನ್ನಾಗಿ ಮಾಡಿಕೊಡುತ್ತಾರೆ. ಹತ್ತಿಯ ಕ್ಯಾನ್ವಾಸಾದರೆ ಮೊದಲ ಪ್ರವಾಸಕ್ಕೆ ಮುಂಚೆ ಒಂದೆರಡು ಸಲ ನೆನೆಸಿ ಒಣಗಿಸಬೇಕು. ನೂಲು ಉಬ್ಬಿ ಹೊಲಿಗೆಯ ತೂತುಗಳು ಮುಚ್ಚಿಕೊಳ್ಳುತ್ತವೆ. ಬಾಗಿಲ ಜಿಪ್ಪು ನೆಲದವರೆಗೆ ಸರಿಯಾಗಿ ಮುಚ್ಚಿಕೊಳ್ಳಲಿ, ಜಿಗಣೆಗೆ ಎರಡು ಅಂಗುಲದ ಸಂದು ಬೇಕಾದಷ್ಟಾಯಿತು.

ಗಾಳಿಬೀಡು ಜೀಪು:

ಅಕ್ಕ, ನಿಮ್ಮ ಕಾಲುವೆಯ ಉಪಾಯವನ್ನು ಹಾಗೆಯೇ ಮಾಡಿಸಿದೆ. ಇನ್ನೊಂದು ಪ್ರಶ್ನೆ: ಡಿಸೆಂಬರ್ ರಾತ್ರಿಗಳ ಚಳಿಗೆ ಏನು ಮಾಡುತ್ತೀರಿ? ಸೌರಫಲಕ ಹಾಕಿಸಿದರೆ ಉಪಯೋಗವಾಗುತ್ತದೆಯೇ?

ನಾಪೋಕ್ಲು ಅಂಗಳ:

ಚಳಿಗೆ ಕಂಬಳಿ, ಮತ್ತೂ ಚಳಿಯಾದರೆ ಮತ್ತೊಂದು ಕಂಬಳಿ. ಕೆಂಡದ ಬಟ್ಟಲನ್ನು ಮಾತ್ರ ಒಳಗೆ ತರಬೇಡಿ, ಗ್ಯಾಸ್ ಒಲೆಯನ್ನೂ ಕೋಣೆ ಬೆಚ್ಚಗಾಗಲೆಂದು ಉರಿಸಬೇಡಿ. ಒದ್ದೆ ಕ್ಯಾನ್ವಾಸು ಗಾಳಿಯನ್ನು ಬಿಡುವುದಿಲ್ಲ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡು ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಅಡಿಗೆಯನ್ನು ನಾವು ಹೊರಗೇ ಮಾಡುತ್ತೇವೆ. 5 ಕೆ.ಜಿ.ಯ ಸಿಲಿಂಡರಿಗೆ ತೊಲೆಯ ಮೇಲೆ ಬೇರೆ ಪೆಟ್ಟಿಗೆಯಿದೆ, ಅದರ ತಳದಲ್ಲಿ ತೂತುಗಳಿವೆ, ಏಕೆಂದರೆ ಈ ಗ್ಯಾಸು ಗಾಳಿಗಿಂತ ಭಾರವಾಗಿದ್ದು ಕೆಳಗೇ ಇಳಿದು ನಿಲ್ಲುತ್ತದೆ. ಸೌರಫಲಕವನ್ನು ಚಾವಣಿಗೆ ಬಿಗಿಸಬೇಡಿ. ತೋಟದ ಮರದ ನೆರಳಿನಲ್ಲಿ ಅದಕ್ಕೆ ಬಿಸಿಲೇ ಸಿಗುವುದಿಲ್ಲ, ಪ್ರತಿಸಲ ವಿಂಚು ತಿರುಗಿಸುವಾಗ ಅದರ ಭಾರವನ್ನೂ ನೀವೇ ಎತ್ತಬೇಕು. ಮಡಚುವ ಫಲಕವೊಂದನ್ನು ಉದ್ದದ ವೈರಿನೊಂದಿಗೆ ಇಟ್ಟುಕೊಂಡು ಬಿಸಿಲಿದ್ದಲ್ಲಿಗೆ ಒಯ್ಯುವುದು ಮೇಲು.

ತಿತಿಮತಿ ಗಡಿ:

ಒಂದೇ ಮಾತು ಸೇರಿಸುತ್ತೇನೆ. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆ ತೋಟದೊಳಗೆ ಆನೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಲಸು ಹಣ್ಣಾಗುವ ಕಾಲದಲ್ಲಿ ಮನೆಯ ಹಿತ್ತಲಿಗೇ ಬರುತ್ತದೆ. ಕ್ಯಾನ್ವಾಸಿನೊಳಗೆ ಅಕ್ಕಿ, ಬಾಳೆಹಣ್ಣು ಇಟ್ಟುಕೊಂಡು ಮಲಗುವುದು ಆನೆಗೆ ತಟ್ಟೆಯಲ್ಲಿ ಬಡಿಸಿದಂತೆ. ನಮ್ಮ ಕಡೆಗೆ ಬಂದರೆ ಮನೆಯಂಗಳದಲ್ಲಿ, ದೀಪದ ಬೆಳಕಿನಲ್ಲಿ ನಿಲ್ಲಿಸಿ. ಆಹಾರವನ್ನು ಮನೆಯೊಳಗೆ ಕೊಡಿ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧವೆಂಬುದು ಬೇರೆಯೇ ಮಾತು.

ಗಾಳಿಬೀಡು ಜೀಪು:

ಒಂದು ಸುಗ್ಗಿಯ ಬಿಡುವು ಕಳೆಯಿತು, ಏಳು ಪ್ರವಾಸಗಳಾದವು. ಕೇಳಿದವರಿಗೆ ಉಪಯೋಗವಾಗಲೆಂದು ಕೆಲವು ವಿವರಗಳನ್ನು ಬರೆಯುತ್ತೇನೆ.

ಕುಶಾಲನಗರದ ವೇಬ್ರಿಜ್ಜಿನಲ್ಲಿ ಸಾಮಾನು, ನೀರು ಎಲ್ಲ ತುಂಬಿಸಿ ತೂಗಿಸಿದಾಗ 610 ಕೆ.ಜಿ. ಬಂತು. ಕೊಕ್ಕೆಯ ಮೇಲೆ ಬೀಳುವ ಭಾರ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕೆಂದು ಓದಿದ್ದೆ. ತೋಟದ ತಕ್ಕಡಿಯ ಮೇಲೆ ಮೂತಿಯನ್ನು ಇಟ್ಟರೆ 38 ಕೆ.ಜಿ. ಮಾತ್ರ ತೋರಿಸಿತು, ಟಾರು ರಸ್ತೆಯಲ್ಲಿ ವೇಗ ಹಿಡಿದಾಗ ಹಿಂದೆ ಬಾಲ ಅಲ್ಲಾಡಿದಂತಾಗುತ್ತಿದ್ದ ಕಾರಣ ಆಗ ಹೊಳೆಯಿತು. ಹಿಂಭಾಗದಲ್ಲಿದ್ದ 40 ಲೀಟರಿನ ನೀರಿನ ತೊಟ್ಟಿಯನ್ನು ಅಚ್ಚಿನ ಮುಂದಕ್ಕೆ, ಚಾಸಿಯ ಮಟ್ಟಕ್ಕೆ ಇಳಿಸಿ ಕಟ್ಟಿಸಿದೆ, ಬ್ಯಾಟರಿಯನ್ನೂ ಮುಂದಕ್ಕೆ ತಂದೆ. ಈಗ ಮೂತಿಯಲ್ಲಿ 70 ಕೆ.ಜಿ. ಇದೆ, ಅಂದರೆ ಒಂದು ಚೀಲ ಕಾಫಿಗಿಂತ ಹೆಚ್ಚು. ಅಲ್ಲಾಟ ನಿಂತಿದೆ.

ಮರದ ಸ್ಕ್ರೂಗಳೆಲ್ಲ ಎರಡನೆಯ ಪ್ರವಾಸಕ್ಕೇ ಸಡಿಲವಾದವು. ಕಪಾಟು, ಮಂಚದ ಜಾರುಪಟ್ಟಿ, ಬಾಗಿಲ ಕೀಲು ಎಲ್ಲಕ್ಕೂ ಆರಪಾರ ಬೋಲ್ಟು, ನೈಲಾನ್ ಬಳೆಯ ನಟ್ಟು ಹಾಕಿಸಿದೆ. ಹಬ್ಬಿನ ಬಗ್ಗೆ ಲೇತ್‌ಮನೆಯವರು ಫೋನಿನಲ್ಲಿ ಹೇಳಿದ್ದೊಂದನ್ನು ಎಲ್ಲರೂ ತಿಳಿದಿರಬೇಕು: ಓಡಿ ಬಿಸಿಯಾದ ಹಬ್ಬನ್ನು ನೇರವಾಗಿ ಹೊಳೆಯ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಹೊಳೆ ದಾಟುವ ಮುನ್ನ ಒಂದು ಕಾಫಿ ಕುಡಿಯುವಷ್ಟು ಹೊತ್ತು ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದೇನೆ, ಮನೆಗೆ ಬಂದ ಮೇಲೆ ಬಿಚ್ಚಿ ಗ್ರೀಸು ನೋಡುತ್ತೇನೆ.

ನಾನು ಮಾಡಿಸಿದ್ದರಲ್ಲೆಲ್ಲ ಅಗ್ಗವಾದದ್ದೂ ಅತಿ ಹೆಚ್ಚು ಕೆಲಸಕ್ಕೆ ಬಂದದ್ದೂ ಜೀಪಿನ ಮುಂಬದಿಯ ಬಂಪರಿಗೆ ಹಾಕಿಸಿದ ಎರಡನೆಯ ಕೊಕ್ಕೆ. ಕಕ್ಕಬ್ಬೆಯ ಕಡೆ ಹೋಗುವಾಗ ಕಿರಿದಾದ ಏರಿನಲ್ಲಿ ಬಸ್ಸು ಎದುರಾಯಿತು. ಹಿಂದಕ್ಕೆ ಹೋಗಲು ನಾಲ್ಕು ಸಲ ಯತ್ನಿಸಿದೆ, ನಾಲ್ಕು ಸಲವೂ ಕ್ಯಾಂಪರು ಕತ್ತರಿಯಂತೆ ಮಡಚಿಕೊಂಡಿತು; ಬಸ್ಸಿನ ಕಿಟಕಿಗಳಿಂದ ಸಲಹೆಗಳು ಧಾರಾಳವಾಗಿ ಬಂದವು. ಕೊನೆಗೆ ಚಕ್ರಕ್ಕೆ ಕಲ್ಲಿಟ್ಟು, ಕೊಕ್ಕೆ ಬಿಚ್ಚಿ, ಪಕ್ಕದ ತೋಟದ ಗೇಟಿನಲ್ಲಿ ಜೀಪನ್ನು ತಿರುಗಿಸಿ ತಂದು, ಕ್ಯಾಂಪರನ್ನು ಮುಂಬದಿಯ ಕೊಕ್ಕೆಗೆ ಸಿಕ್ಕಿಸಿ, ಕಣ್ಣೆದುರಿಗೇ ನೋಡಿಕೊಂಡು ಆ ಗೇಟಿನೊಳಗೆ ತಳ್ಳಿದೆ. ಬಸ್ಸಿನ ಡ್ರೈವರು ಹೋಗುವಾಗ ಕೈ ಎತ್ತಿದರು. ಅಂಗಳಗಳಲ್ಲಿ ಗಾಡಿಯನ್ನು ಮೂಲೆಗೆ ಸೇರಿಸುವಾಗಲೂ ಈಗ ಇದೇ ಉಪಾಯ.

ಬೇತ್ರಿ ಸೇತುವೆ:

ಎಳೆಯುವ ತೊಲೆಯನ್ನೇ ಉದ್ದ ಮಾಡಿಸಿದರೆ ಹಿಂದಕ್ಕೆ ತರುವುದು ಸುಲಭವಾಗುವುದಿಲ್ಲವೇ? ನನಗೂ ಈಗ ಸ್ವಲ್ಪ ಆಸೆ ಹುಟ್ಟಿದೆ, ಅದಕ್ಕೆ ಕೇಳುತ್ತಿದ್ದೇನೆ.

ಲೇತ್‌ಮನೆ, ಕುಶಾಲನಗರ:

ಸುಲಭವಾಗುತ್ತದೆ, ಆದರೆ ಮಾಕುಟ್ಟದಂಥ ತಿರುವಿನಲ್ಲಿ ಕ್ಯಾಂಪರಿನ ಒಳಚಕ್ರ ಅಷ್ಟೇ ಹೆಚ್ಚಾಗಿ ಒಳಗನ್ನು ಕತ್ತರಿಸುತ್ತದೆ, ಕೊಕ್ಕೆಯ ಮೇಲಿನ ಭಾರವೂ ಇಳಿಯುತ್ತದೆ. ಒಂದಡಿಗಿಂತ ಹೆಚ್ಚು ಉದ್ದ ಮಾಡಲು ನಾನು ಒಪ್ಪುವುದಿಲ್ಲ. ಕಡತದ ಹುಳು ಅವರು ಹೇಳಿದಂತೆ ಒಟ್ಟು ಉದ್ದ ಬದಲಾಗುವುದರಿಂದ ಕಚೇರಿಯಲ್ಲಿ ಕೇಳಿಕೊಂಡೇ ಬನ್ನಿ. ಗಾಡಿ ನೋಡಿದ್ದೀರಾ, ಅಥವಾ ಇನ್ನೂ ಆಸೆ ಮಾತ್ರವೇ?

ಬೇತ್ರಿ ಸೇತುವೆ:

ಹುಣಸೂರಿನಲ್ಲಿ ಒಂದಿದೆ ಎಂದು ಕೇಳಿದ್ದೇನೆ, ಭಾನುವಾರ ಹೋಗುತ್ತಿದ್ದೇನೆ. ಚಾಪೆ ಮತ್ತು ಸುತ್ತಿಗೆಯನ್ನು ಈಗಲೇ ಜೀಪಿನಲ್ಲಿ ಹಾಕಿಟ್ಟಿದ್ದೇನೆ.